ಹುಬ್ಬಳ್ಳಿಯ ಪೇಟೆ: ವ್ಯಾಪಾರವೂ ಜನವಿಶ್ವಾಸವೂ



ಹತ್ತಿಯ ಸುಗ್ಗಿಯ ದಿನಗಳಲ್ಲಿ ನವಲಗುಂದದ ಕಡೆಯ ಒಕ್ಕಲಿಗನೊಬ್ಬನು ತನ್ನ ಮಾಲನ್ನು ಹೇರಿಕೊಂಡು ಹುಬ್ಬಳ್ಳಿಗೆ ಬರುತ್ತಾನೆ. ಎತ್ತಿನ ಬಂಡಿಯ ಕಾಲದಲ್ಲಿ ಅವನು ಹಿಂದಿನ ದಿನವೇ ಊರು ಬಿಡಬೇಕಾಗುತ್ತಿದ್ದಿತು. ಈಗ ಟ್ರ್ಯಾಕ್ಟರು, ಲಾರಿಗಳು ಬಂದು ಆ ಶ್ರಮವು ಕಡಿಮೆಯಾಗಿದೆ. ಆದರೆ ಅವನ ಸ್ಥಿತಿಯಲ್ಲಿಯ ಒಂದು ಅಂಶವು ಅಂದಿನಿಂದ ಇಂದಿನವರೆಗೆ ಹೆಚ್ಚಾಗಿ ಬದಲಾಗಿಲ್ಲ. ವರ್ಷವಿಡೀ ದುಡಿದ ಫಲವನ್ನು ಅವನು ಪರರ ಅಂಗಳದಲ್ಲಿ ಸುರುವಿ ನಿಲ್ಲುತ್ತಾನೆ. ತೂಗುವವನು ಬೇರೆ, ದರ ಕಟ್ಟುವವನು ಬೇರೆ, ಲೆಕ್ಕ ಬರೆಯುವವನು ಬೇರೆ. ದರವು ಮನಸ್ಸಿಗೆ ಬಾರದಿದ್ದರೆ ಮಾಲನ್ನು ತಿರುಗಿ ಹೇರಿಕೊಂಡು ಹೋಗಬಹುದೆಂದು ಕಾನೂನು ಹೇಳುತ್ತದೆ. ಬಾಡಿಗೆಯ ಬಂಡಿಯು, ಬೀಜಗೊಬ್ಬರದ ಸಾಲವು, ಮಗಳ ಮದುವೆಯು ಹಾಗೆ ಹೇಳುವದಿಲ್ಲ. ಆದುದರಿಂದ ಅವನು ಯಾರನ್ನಾದರೂ ನಂಬಲೇಬೇಕು. ಯಾರನ್ನು ನಂಬುತ್ತಾನೆ, ಏಕೆ ನಂಬುತ್ತಾನೆ, ಆ ನಂಬಿಗೆಯನ್ನು ಪೇಟೆಯು ಹೇಗೆ ಗಳಿಸಿತು, ಹೇಗೆ ಕಳೆದುಕೊಂಡಿತು ಎಂಬದೇ ಈ ಭಾಷಣದ ವಿಷಯವು.

ಈಗಿನ ವಿದ್ಯಾವಂತರು ಇದಕ್ಕೆ ಜನಸಂಪರ್ಕವೆಂಬ ಹೆಸರನ್ನು ಇಟ್ಟಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಅದಕ್ಕಾಗಿಯೇ ಬೇರೆ ಅಧಿಕಾರಿಗಳುಂಟು, ಬೇರೆ ಕಚೇರಿಗಳುಂಟು. ಹುಬ್ಬಳ್ಳಿಯ ಹಿಂದಿನ ಸಾಹುಕಾರರು ಇದನ್ನು ಒಂದೇ ಮಾತಿನಲ್ಲಿ ‘ಪತ್ತು’ ಎನ್ನುತ್ತಿದ್ದರು. ಪತ್ತು ಇದ್ದವನ ಚೀಟಿಯು ಮುಂಬಯಿಯಲ್ಲಿ ನಡೆಯುತ್ತಿತ್ತು. ಪತ್ತು ಹೋದವನಿಗೆ ಎದುರಂಗಡಿಯಲ್ಲಿಯೂ ಒಂದು ಚೀಲ ಮಾಲು ಹುಟ್ಟುತ್ತಿರಲಿಲ್ಲ. ಆ ಶಬ್ದದಲ್ಲಿ ಒಂದು ವಿಶೇಷವುಂಟು. ಜನಸಂಪರ್ಕವನ್ನು ವ್ಯಾಪಾರಿಯು ತಾನಾಗಿ ಮಾಡಿಕೊಳ್ಳಬಹುದು. ಪತ್ತನ್ನು ಮಂದಿಯು ಕೊಡಬೇಕಾಗುತ್ತದೆ.

ಹುಬ್ಬಳ್ಳಿಯು ರಾಜಧಾನಿಯಾಗಿ ಬೆಳೆದ ಊರಲ್ಲ, ವ್ಯಾಪಾರದಿಂದ ಬೆಳೆದ ಊರು. ಹದಿನೇಳನೆಯ ಶತಮಾನದಲ್ಲಿಯೇ ಇಂಗ್ಲಿಷರ ಈಸ್ಟ ಇಂಡಿಯಾ ಕಂಪನಿಯವರು ಇಲ್ಲಿ ಕೋಠಿಯನ್ನಿಟ್ಟು, ಬಟ್ಟೆಯನ್ನು ಕೊಂಡು ಕಾರವಾರದ ಬಂದರಕ್ಕೆ ಸಾಗಿಸುತ್ತಿದ್ದರು. ೧೬೭೩ರಲ್ಲಿ ಮರಾಠರ ಸೈನ್ಯವು ಈ ಊರನ್ನು ಸುಲಿದಾಗ ಆ ಕೋಠಿಯೂ ಲೂಟಿಗೆ ಸಿಕ್ಕಿತು. ಮುಂದೆ ೧೭೨೭ರ ಸುಮಾರಿಗೆ ಸವಣೂರಿನ ನವಾಬ ಮಜೀದಖಾನನ ಅನುಮತಿಯನ್ನು ಪಡೆದು ಬಸಪ್ಪಶೆಟ್ಟರೆಂಬ ವರ್ತಕರು ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಇಂದಿಗೂ ಸಂಜೆಯ ಹೊತ್ತಿಗೆ ಕಾಲಿಡಲು ಎಡೆಯಿಲ್ಲದಂತೆ ಜನರು ನೆರೆಯುವ ದುರ್ಗದ ಬೈಲಿನ ಹೆಸರು ಆ ಹೊಸ ಊರಿನ ಕೋಟೆಯದೇ. ಹೊಸ ಊರು ಕಟ್ಟುವದೆಂದರೆ ಗೋಡೆ ಕಟ್ಟುವದಷ್ಟೇ ಅಲ್ಲ. ನೇಕಾರನು, ಬಣಜಿಗನು, ಕಂಚುಗಾರನು, ಮೇದಾರನು ತಮ್ಮ ತಮ್ಮ ಹಳೆಯ ಊರನ್ನು ಬಿಟ್ಟು ಇಲ್ಲಿಗೆ ಬಂದು ನೆಲಸಬೇಕಾದರೆ, ಇಲ್ಲಿ ತಮ್ಮ ಮಾಲು ಉಳಿಯುವದು, ತಮ್ಮ ಬಾಕಿಯು ಬರುವದು ಎಂಬ ಭರವಸೆಯು ಅವರಿಗೆ ಬೇಕು. ಲೂಟಿಯ ನೆನಪು ಇನ್ನೂ ಪೂರ್ತಿ ಮಾಸಿರದ ಊರಿನಲ್ಲಿ ವರ್ತಕನೊಬ್ಬನ ಮಾತಿನ ಮೇಲೆ ಇಷ್ಟು ಜನರು ಬಂದು ಕೂಡಿದರೆಂಬದು ಸಣ್ಣ ಸಂಗತಿಯಲ್ಲ.

ಆದರೆ ಹುಬ್ಬಳ್ಳಿಯ ಹೆಸರನ್ನು ಕಡಲಾಚೆಗೆ ಒಯ್ದದ್ದು ಹತ್ತಿ. ಅದೇ ಹತ್ತಿಯಿಂದ ಆ ಹೆಸರಿಗೆ ಕಲಂಕವೂ ಬಂದಿತು.

ಈ ಪ್ರಾಂತದ ಹತ್ತಿಗೆ ವಿಲಾಯತಿಯ ವ್ಯಾಪಾರಿಗಳು ‘ಕುಮಟಾ’ ಎಂದು ಹೆಸರಿಟ್ಟಿದ್ದರು. ಕುಮಟೆಯಲ್ಲಿ ಅದು ಬೆಳೆಯುತ್ತಿತ್ತೆಂದಲ್ಲ. ಧಾರವಾಡ ಜಿಲ್ಲೆಯ ಎರೆಯ ಹೊಲಗಳಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ಕೂಡಿ, ಘಟ್ಟವನ್ನಿಳಿದು ಕುಮಟೆಯ ಬಂದರದಲ್ಲಿ ಹಡಗು ಏರುತ್ತಿತ್ತಾದ್ದರಿಂದ ಆ ಹೆಸರು. ಬೆಳೆದವನ ಹೆಸರೂ ಇಲ್ಲ, ಕೊಂಡವನ ಹೆಸರೂ ಇಲ್ಲ, ಬಂದರದ ಹೆಸರೇ ಉಳಿಯಿತು. ೧೮೪೦ರ ನಂತರ ಕಂಪನಿ ಸರಕಾರದವರು ಅಮೇರಿಕೆಯಿಂದ ಹತ್ತಿಯ ಬೆಳೆಗಾರರನ್ನು ಕರೆಯಿಸಿ, ಹುಬ್ಬಳ್ಳಿಯ ನೆರೆಯ ಕುಸುಗಲ್ಲಿನಲ್ಲಿ ಹೊಲ ಹಿಡಿಸಿ, ನ್ಯೂ ಆರ್ಲಿಯನ್ಸದ ಬೀಜವನ್ನು ಬಿತ್ತಿಸಿ ನೋಡಿದರು. ಹಿಂದುಸ್ಥಾನದ ಬೇರೆ ಹಲವು ಪ್ರಾಂತಗಳಲ್ಲಿ ಕೈಗೂಡದ ಆ ಪ್ರಯೋಗವು ಇಲ್ಲಿಯ ನೆಲಕ್ಕೆ ಹಿಡಿಯಿತು. ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಆ ಹತ್ತಿಯು ಪ್ರಸಿದ್ಧಿಗೆ ಬಂದಿತು.

೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಆರಂಭವಾಗಲು, ಲಿವರಪೂಲಿಗೆ ಅಲ್ಲಿಯ ಹತ್ತಿಯು ಬರುವದು ನಿಂತುಹೋಯಿತು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಬಾಯಿ ತೆರೆದು ಕುಳಿತವು. ಅವರ ಒತ್ತಾಯದಿಂದಲೇ ೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತು. ಹತ್ತಿ ಬೆಳೆಯುವ ಜಿಲ್ಲೆಯೂ ಅದನ್ನು ಸಾಗಿಸುವ ಬಂದರವೂ ಒಂದೇ ಆಡಳಿತಕ್ಕೆ ಒಳಪಡಬೇಕೆಂಬದು ಅವರ ಹವಣಿಕೆಯಾಗಿತ್ತು. ದರವು ದಿನದಿನಕ್ಕೆ ಏರಿತು. ಯಾವ ಮಾಲನ್ನು ತಂದರೂ ಕೊಳ್ಳುವವರಿರುವಾಗ ಒಳ್ಳೆಯ ಮಾಲನ್ನು ತರುವ ಗರಜು ಯಾರಿಗೆ? ಒಕ್ಕಲಿಗನು ಮಣ್ಣು ಎಲೆಗಳು ಸೇರಿದ ಹತ್ತಿಯನ್ನು ಹಾಗೆಯೇ ತಂದನು. ಹಿಂಜುವವನು ಬೀಜವನ್ನು ಉಳಿಸಿದನು. ವಖಾರದವನು ನೀರು ಚಿಮುಕಿಸಿದನು. ವ್ಯಾಪಾರಿಯು ನಾಡಹತ್ತಿಯನ್ನು ಅಮೇರಿಕನ್ ಹತ್ತಿಯಲ್ಲಿ ಬೆರಸಿದನು. ಒಬ್ಬೊಬ್ಬನೂ ತನ್ನ ಪಾಲಿನ ತಪ್ಪು ಸಣ್ಣದೆಂದೇ ತಿಳಿದನು. ಲಿವರಪೂಲಿನಲ್ಲಿ ಆ ಅಂಡಿಗೆಯನ್ನು ಬಿಚ್ಚಿದವನಿಗೆ ಮಾತ್ರ ಎಲ್ಲರ ತಪ್ಪುಗಳೂ ಒಂದೆಡೆ ಕೂಡಿ ಕಂಡವು.

ಹತ್ತಿಯ ಕಲಬೆರಕೆಯನ್ನು ತಡೆಯಲು ಮುಂಬಯಿ ಸರಕಾರವು ೧೮೨೯ರಷ್ಟು ಹಿಂದೆಯೇ ಒಂದು ಕಾಯಿದೆಯನ್ನು ಮಾಡಿದ್ದಿತು, ಅದು ಕೈಲಾಗದ್ದಾಯಿತು. ೧೮೬೩ರಲ್ಲಿ ಮತ್ತೊಂದು ಬಿಗಿಯಾದ ಕಾನೂನು ಬಂದು, ಹತ್ತಿಯನ್ನು ತನಿಖೆ ಮಾಡುವ ಅಧಿಕಾರಿಗಳು ನೇಮಕವಾದರು. ಆ ತನಿಖೆಯ ವೆಚ್ಚವು ಹತ್ತಿಯ ಮೇಲಿನ ಶುಲ್ಕದಿಂದಲೇ ಹುಟ್ಟಬೇಕಾಯಿತು. ಎಂದರೆ, ಬೆರಸದವನೂ ಬೆರಸಿದವನ ಸಲುವಾಗಿ ದಂಡ ತೆತ್ತಂತಾಯಿತು. ೧೮೬೫ರಲ್ಲಿ ಯುದ್ಧವು ಮುಗಿಯಿತು. ಅಮೇರಿಕೆಯ ಹತ್ತಿಯು ಮತ್ತೆ ಬರತೊಡಗಿತು. ಮುಂಬಯಿಯಲ್ಲಿ ಒಂದರ ಮೇಲೊಂದು ದಿವಾಳಿಗಳೆದ್ದವು. ಆಗ ಕೊಳ್ಳುವವರು ಆಯ್ದು ಕೊಳ್ಳತೊಡಗಿದರು, ಕೆಟ್ಟ ಹೆಸರಿನ ಮಾಲಿಗೆ ಕೆಟ್ಟ ದರವೇ ಸಿಕ್ಕಿತು. ಹುಬ್ಬಳ್ಳಿಯ ವ್ಯಾಪಾರದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಾಠವು ಇನ್ನೊಂದಿಲ್ಲ. ಆದರೂ ಅಂಗಡಿಯ ಗಾದಿಯ ಮೇಲೆ ಕುಳಿತು ಇದನ್ನು ನೆನೆಯುವವರು ಬಹಳ ವಿರಳ. ತೇಜಿಯ ಕಾಲದಲ್ಲಿ ಕಳೆದುಕೊಂಡ ಹೆಸರಿನ ಬೆಲೆಯನ್ನು ಮಂದಿಯ ಕಾಲದಲ್ಲಿ ತೆರಬೇಕಾಗುತ್ತದೆ. ಮೇಲಾಗಿ ಅದನ್ನು ತೆರುವವರು ಅನೇಕ ವೇಳೆ ಬೇರೆಯವರೇ ಆಗಿರುತ್ತಾರೆ.

೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಬಂದಿತು. ಹುಬ್ಬಳ್ಳಿಯಲ್ಲಿ ಅದರ ಕಾರಖಾನೆಯಾಯಿತು. ಮಾರ್ಮಾಗೋವೆಯ ಬಂದರಕ್ಕೆ ಹಾದಿಯಾಯಿತು. ಕುಮಟೆಯು ಸೊರಗಿತು, ಹುಬ್ಬಳ್ಳಿಯು ಬೆಳೆಯಿತು. ಜಿನ್ನುಗಳು, ಪ್ರೆಸ್ಸುಗಳು ಎದ್ದವು. ಗುಜರಾತಿಗಳು, ಮಾರವಾಡಿಗಳು, ಕೊಂಕಣಿಗರು ಬಂದು ನೆಲಸಿದರು. ಕನ್ನಡ, ಮರಾಠಿ, ಉರ್ದು ಈ ಮೂರನ್ನೂ ಒಂದೇ ಉಸುರಿನಲ್ಲಿ ಆಡಿ, ಗಿರಾಕಿಯ ಮೋರೆಯನ್ನು ನೋಡಿ ಅವನ ಭಾಷೆಯನ್ನು ಹಿಡಿಯುವ ಅಂಗಡಿಕಾರನು ಆ ಕಾಲದ ಹುಬ್ಬಳ್ಳಿಯ ಸೃಷ್ಟಿಯು. ಜವಳಿ ಸಾಲಿನಲ್ಲಿ ಈಗಲೂ ಅಂಥವರನ್ನು ಕಾಣಬಹುದು. ಗಿರಾಕಿಯನ್ನು ಗಾದಿಯ ಮೇಲೆ ಕುಳ್ಳಿರಿಸಿ, ನೀರು ಕೊಟ್ಟು, ಊರು ಯಾವದು, ಮಳೆಯು ಹೇಗೆ, ಮದುವೆಯು ಯಾರದು ಎಂದು ಕೇಳಿದ ಮೇಲೆಯೇ ಸೀರೆಯ ಗಂಟು ಬಿಚ್ಚುವ ಪದ್ಧತಿಯು ಅಲ್ಲಿ ಉಂಟು. ಇದೆಲ್ಲ ಗಂಟು ದೊಡ್ಡದಾಗಲೆಂಬ ಜಾಣತನವೆಂದು ನಗುವವರಿದ್ದಾರೆ. ಜಾಣತನವು ಇಲ್ಲವೆಂದಲ್ಲ, ಆದರೆ ಮೂರು ತಲೆಮಾರಿನವರೆಗೆ ಒಂದೇ ಮನೆತನದವರು ಒಂದೇ ಅಂಗಡಿಯಲ್ಲಿ ಮದುವೆಯ ಜವಳಿಯನ್ನು ಕೊಳ್ಳುತ್ತ ಬಂದಿದ್ದರೆ, ಬರಿಯ ನಯದ ಮಾತಿನಿಂದ ಅದು ಆಗುವಂಥದಲ್ಲ. ಒಂದು ಸಲ ಬಣ್ಣ ಬಿಟ್ಟ ಸೀರೆಯನ್ನು ಮಾತಿಲ್ಲದೆ ತಿರುಗಿ ತೆಗೆದುಕೊಂಡ ಸಂಗತಿಯು ಅದರ ಬುಡದಲ್ಲಿರುತ್ತದೆ.

ಜವಳಿಯ ಅಂಗಡಿಯಲ್ಲಿ ಗಿರಾಕಿಯು ಕೊಳ್ಳುವವನು. ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆದಾನು. ಅಡತಿಯ ಅಂಗಡಿಯಲ್ಲಿ ಒಕ್ಕಲಿಗನು ಮಾರುವವನು. ಅವನ ಮಾಲು ಆಗಲೇ ಅಂಗಳದಲ್ಲಿ ಬಿದ್ದಿದೆ. ಪೇಟೆಯ ನಡತೆಯನ್ನು ಪರೀಕ್ಷಿಸತಕ್ಕದ್ದು ಈ ಎರಡನೆಯ ಸ್ಥಳದಲ್ಲಿಯೇ.

ಹಿಂದಿನ ಕಾಲದಲ್ಲಿ ಹಿಂದುಸ್ಥಾನದ ಅನೇಕ ಪೇಟೆಗಳಲ್ಲಿ ದರವನ್ನು ಬಾಯಿಂದ ಹೇಳುವ ರೂಢಿಯಿರಲಿಲ್ಲ. ದಲಾಲನೂ ಖರೀದಿದಾರನೂ ಕೈ ಕೈ ಹಿಡಿದು, ಮೇಲೆ ವಸ್ತ್ರವನ್ನು ಹೊದಿಸಿ, ಅದರ ಕೆಳಗೆ ಬೆರಳನ್ನು ಒತ್ತಿ ದರವನ್ನು ಸೂಚಿಸುತ್ತಿದ್ದರು. ಮಾಲಿನ ಒಡೆಯನು ಎದುರಿಗೇ ನಿಂತಿರುತ್ತಿದ್ದನು. ತನ್ನ ಮಾಲಿಗೆ ಯಾರು ಎಷ್ಟು ಕಟ್ಟಿದರೆಂಬದು ಅವನಿಗೆ ತಿಳಿಯುತ್ತಿರಲಿಲ್ಲ. ಕೊಳ್ಳುವವರಲ್ಲಿ ಸ್ಪರ್ಧೆಯಾಗಲು ಇದು ಅನುಕೂಲವೆಂದು ಆ ಪದ್ಧತಿಯನ್ನು ಸಮರ್ಥಿಸುವವರಿದ್ದರು. ಅವರ ಮಾತಿನಲ್ಲಿ ಅಲ್ಪ ಸ್ವಲ್ಪ ಸತ್ಯವಿದ್ದರೂ ಇರಬಹುದು. ಆದರೆ ಪ್ರಾಮಾಣಿಕನಾದ ದಲಾಲನಿಗೂ ಅಪ್ರಾಮಾಣಿಕನಿಗೂ ಆ ವಸ್ತ್ರದ ಕೆಳಗೆ ಭೇದವೇ ಇರಲಿಲ್ಲ. ಹೀಗಾಗಿ ಪ್ರಾಮಾಣಿಕನಿಗೆ ತನ್ನ ಪ್ರಾಮಾಣಿಕತೆಯ ಕೀರ್ತಿಯು ದೊರೆಯುತ್ತಿರಲಿಲ್ಲ. ಗುಟ್ಟಿನಿಂದ ಹೆಚ್ಚು ನಷ್ಟವಾದದ್ದು ಒಳ್ಳೆಯ ವ್ಯಾಪಾರಿಗೇ ಎಂಬದನ್ನು ಪೇಟೆಯವರು ಬಹಳ ತಡವಾಗಿ ಅರಿತರು.

ದರದ ಗುಟ್ಟಿನ ನಂತರ ತೂಕ. ಊರೂರಿಗೆ ಮಣವು ಬೇರೆ, ಸೇರು ಬೇರೆ. ಒಂದೇ ಊರಿನಲ್ಲಿ ಮಾಲಿಗೊಂದು ಮಣ. ಲೆಕ್ಕ ಬಲ್ಲವನಿಗೂ ತಲೆ ಸುತ್ತುವಂಥ ಈ ಗೊಂದಲದಲ್ಲಿ ಓದು ಬಾರದವನ ಪಾಡೇನು? ೧೯೫೮ರಿಂದ ಕಿಲೋಗ್ರಾಮಿನ ತೂಕವು ದೇಶದಲ್ಲೆಲ್ಲ ರೂಢಿಗೆ ಬಂದ ಮೇಲೆ ಈ ತೊಡಕು ಹೋಯಿತು.

ತೂಕವಾದ ಮೇಲೆ ಕಡಿತಗಳು. ದಲಾಲಿ, ಹಮಾಲಿ, ತೋಲಾಯಿ, ಕಸರು, ಮಾದರಿಯೆಂದು ಮುಷ್ಟಿ ಮುಷ್ಟಿ ತೆಗೆದದ್ದು; ಇವುಗಳ ಕೊನೆಗೆ ಧರ್ಮಾದಾಯ. ಈ ಧರ್ಮಾದಾಯದ ವಿಷಯವನ್ನು ಮಠದ ಸಭೆಯಲ್ಲಿ ಮುಚ್ಚಿ ಆಡುವದು ಸಲ್ಲದು. ಒಂದೊಂದು ಚೀಲಕ್ಕೆ, ಇಲ್ಲವೆ ನೂರು ರೂಪಾಯಿಗೆ ಇಷ್ಟೆಂದು ಒಕ್ಕಲಿಗನ ಪಟ್ಟಿಯಲ್ಲಿ ಹಿಡಿದು, ಆ ಹಣವನ್ನು ದೇವಸ್ಥಾನ, ಧರ್ಮಶಾಲೆ, ಗೋಶಾಲೆ, ಪಾಠಶಾಲೆಗಳಿಗೆ ವಿನಿಯೋಗಿಸುವದು ಪೇಟೆಗಳ ಹಳೆಯ ಕ್ರಮವಾಗಿತ್ತು. ಆ ಹಣದಿಂದ ಒಳ್ಳೆಯ ಕಾರ್ಯಗಳೇ ನಡೆದವೆಂಬದನ್ನು ಅಲ್ಲಗಳೆಯಲಾಗದು. ಓದಲು ಬಂದ ಹಳ್ಳಿಯ ಹುಡುಗರು ಪ್ರಸಾದನಿಲಯಗಳಲ್ಲಿ ಉಂಡು ಬೆಳೆದರು; ಆ ಹುಡುಗರು ಅನೇಕ ವೇಳೆ ಅದೇ ಒಕ್ಕಲಿಗರ ಮಕ್ಕಳು. ಆದರೆ ಕಲ್ಲಿನ ಮೇಲೆ ಕೆತ್ತಿದ ಹೆಸರು ಯಾರದು? ಸಭೆಯಲ್ಲಿ ಹಾರ ಹಾಕಿಸಿಕೊಂಡವರು ಯಾರು? ಹಣವು ಹೊರಟದ್ದು ಯಾರ ಚೀಲದಿಂದ? ಕೊಡುವವನನ್ನು ಕೇಳದೆ ಕಡಿದುಕೊಂಡದ್ದಕ್ಕೆ ದಾನವೆಂಬ ಹೆಸರು ಸಲ್ಲುವದೇ? ದಾನದಿಂದ ಜನಾನುರಾಗವನ್ನು ಗಳಿಸಲೆಳಸುವ ವ್ಯಾಪಾರಿಯು ಮೊದಲು ತನ್ನ ಖಾತೆಯಿಂದ ಖರ್ಚು ಹಾಕಬೇಕು. ಹುಬ್ಬಳ್ಳಿಯಲ್ಲಿಯೂ ನೆರೆಯ ಊರುಗಳಲ್ಲಿಯೂ ಹಾಗೆ ತಮ್ಮ ಸ್ವಂತ ಗಳಿಕೆಯಿಂದ ಶಾಲೆ ದವಾಖಾನೆಗಳನ್ನು ಕಟ್ಟಿಸಿದವರು ಕಡಿಮೆಯಿಲ್ಲ. ಅವರ ಕೀರ್ತಿಗೆ ಈ ಮಾತಿನಿಂದ ಕುಂದು ಬರುವದಿಲ್ಲ. ಬದಲಾಗಿ, ಎರಡು ಬಗೆಯ ದಾನಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದರಿಂದ ಅವರಿಗೇ ಅನ್ಯಾಯವಾಗಿದೆ.

ದಲಾಲನನ್ನು ಬರಿದೆ ದೂರುವದೂ ನ್ಯಾಯವಲ್ಲ. ಬರಗಾಲದ ವರ್ಷ ಬೀಜಕ್ಕೆ ಹಣ ಕೊಟ್ಟವನು ಅವನು. ರಾತ್ರಿ ಬಂದ ಬಂಡಿಗೆ ಅಂಗಳ ಕೊಟ್ಟು, ಎತ್ತಿಗೆ ನೀರು ಮೇವು ತೋರಿಸಿದವನು ಅವನು. ಖರೀದಿದಾರನು ಹಣವನ್ನು ಮುಳುಗಿಸಿದರೆ ಒಕ್ಕಲಿಗನಿಗೆ ಬಟವಡೆ ಮಾಡಬೇಕಾದವನೂ ಅವನೇ. ಮನೆಯಲ್ಲಿ ಕಾಯಿಲೆಯಾದರೆ ಹುಬ್ಬಳ್ಳಿಯ ಯಾವ ವೈದ್ಯರ ಬಳಿಗೆ ಹೋಗಬೇಕು, ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬ ವಿಚಾರಕ್ಕೂ ಹಳ್ಳಿಯವನು ಮೊದಲು ದಲಾಲನ ಅಂಗಡಿಯ ಮೆಟ್ಟಲನ್ನೇ ಹತ್ತುತ್ತಾನೆ. ಬ್ಯಾಂಕಿನ ಕಾಗದವನ್ನು ಓದಿ ಹೇಳುವವನೂ ಅವನೇ. ಇಷ್ಟು ಹತ್ತಿರದ ಸಂಬಂಧವು ಬೇರೆ ಯಾವ ವ್ಯಾಪಾರದಲ್ಲಿಯೂ ಇರಲಾರದು. ತೊಡಕು ಇಲ್ಲಿಯೇ ಹುಟ್ಟುತ್ತದೆ. ಸಾಲ ಕೊಟ್ಟವನಿಗೇ ಮಾಲನ್ನು ಹಾಕಬೇಕೆಂಬ ಕಟ್ಟು ಬಿದ್ದ ಮೇಲೆ ಒಕ್ಕಲಿಗನು ಬರುವದು ನಂಬಿಗೆಯಿಂದಲೋ, ಬೇರೆ ಹಾದಿಯಿಲ್ಲದ್ದರಿಂದಲೋ? ಅಂಗಡಿಯ ಮುಂದೆ ಬಂಡಿಗಳ ಸಾಲು ಇದ್ದ ಮಾತ್ರಕ್ಕೆ ಅದನ್ನು ಪತ್ತೆಂದು ಎಣಿಸುವ ದಲಾಲನು ತನ್ನನ್ನು ತಾನೇ ಮೋಸಗೊಳಿಸಿಕೊಳ್ಳುತ್ತಾನೆ. ಬಾಕಿಯೆಲ್ಲ ತೀರಿದ ವರ್ಷವೂ ಆ ಬಂಡಿಯು ಅದೇ ಅಂಗಡಿಗೆ ಬಂದರೆ ಅದು ಪತ್ತು.

ಈ ಕಟ್ಟನ್ನು ಬಿಡಿಸುವ ಮೊದಲಿನ ಪ್ರಯತ್ನವು ಈ ಪ್ರಾಂತದಲ್ಲಿಯೇ ಆಯಿತೆಂಬದು ಅಭಿಮಾನದ ಸಂಗತಿ. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಹತ್ತು ವರ್ಷಗಳ ತರುವಾಯ, ೧೯೧೫ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವು ಹುಟ್ಟಿತು. ಒಕ್ಕಲಿಗರು ಸುಧಾರಿಸಿದ ಬೀಜವನ್ನು ಬಿತ್ತಿ, ಬೆಳೆದ ಹತ್ತಿಯನ್ನು ಕೂಡಿಸಿ, ತರಗತಿ ಮಾಡಿ, ಬಹಿರಂಗವಾಗಿ ಸವಾಲು ಹಾಕಿ ಮಾರುವದು ಅದರ ಕ್ರಮ. ವಸ್ತ್ರದ ಕೆಳಗೆ ಬೆರಳು ಒತ್ತುವ ಬದಲು ದರವನ್ನು ಗಟ್ಟಿಯಾಗಿ ಕೂಗಿದರು. ಇದೇ ಅದರ ದೊಡ್ಡ ಸುಧಾರಣೆ. ಸಂಘದ ಅಂಗಳದಲ್ಲಿ ಸಿಕ್ಕ ದರವನ್ನು ಕೇಳಿ ತಿಳಿದ ಒಕ್ಕಲಿಗನು ಮರುದಿನ ಬೇರೆ ಅಂಗಡಿಗೆ ಹೋಗಿ ಅದನ್ನೇ ಕೇಳಬಹುದಾಗಿತ್ತು. ಹೀಗೆ ಸಂಘಕ್ಕೆ ಸೇರದವನಿಗೂ ಅದರಿಂದ ಪ್ರಯೋಜನವಾಗುವಂತಿತ್ತು.

ಲಾರ್ಡ ಲಿನ್‌ಲಿಥ್‌ಗೋ ಅವರ ಅಧ್ಯಕ್ಷತೆಯ ಕೃಷಿ ಆಯೋಗವು ೧೯೨೮ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ವ್ಯವಸ್ಥಿತವಾದ ಪೇಟೆಗಳು ಎಲ್ಲೆಡೆ ಆಗಬೇಕೆಂದು ಹೇಳಿತು. ಮುಂಬಯಿ ಇಲಾಖೆಯಲ್ಲಿ ಹತ್ತಿಯ ಪೇಟೆಗಳ ಕಾಯಿದೆಯು ೧೯೨೭ರಲ್ಲಿಯೇ ಆಗಿತ್ತು; ಎಲ್ಲ ಬೆಳೆಗಳಿಗೂ ಅನ್ವಯಿಸುವ ಕಾಯಿದೆಯು ೧೯೩೯ರಲ್ಲಿ ಬಂದಿತು. ರಾಜ್ಯವು ಒಂದಾದ ಮೇಲೆ ೧೯೬೬ರ ಕಾನೂನಿನಿಂದ ಇಡೀ ಕರ್ನಾಟಕಕ್ಕೆ ಒಂದೇ ಕ್ರಮವಾಯಿತು. ಒಕ್ಕಲಿಗನಿಂದ ದಲಾಲಿಯನ್ನು ಹಿಡಿಯಕೂಡದು, ಅದನ್ನು ಕೊಳ್ಳುವವನೇ ಕೊಡತಕ್ಕದ್ದೆಂಬ ನಿಯಮವು ನೆಲೆಗೊಂಡಿತು. ಇಂಥ ಒಂದೊಂದು ಸುಧಾರಣೆಯು ಬಂದಾಗಲೂ ಪೇಟೆ ಮುಳುಗಿತೆಂದು ಕೂಗಿದವರುಂಟು. ಪೇಟೆಯು ಮುಳುಗಲಿಲ್ಲ. ಓಣಿಗಳಲ್ಲಿ ಹಿಡಿಸದಷ್ಟು ಮಾಲು ಬಂದದ್ದರಿಂದಲೇ ಅಲ್ಲವೆ, ಊರ ಹೊರಗೆ ಅಮರಗೋಳದಲ್ಲಿ ದೊಡ್ಡ ಪ್ರಾಂಗಣವನ್ನು ಮಾಡಬೇಕಾದದ್ದು! ೧೯೨೮ರಲ್ಲಿಯೇ ಹುಬ್ಬಳ್ಳಿಯ ವರ್ತಕರು ತಮ್ಮದೊಂದು ವಾಣಿಜ್ಯ ಸಂಸ್ಥೆಯನ್ನು ಕಟ್ಟಿಕೊಂಡು, ರೇಲ್ವೆ, ತೆರಿಗೆ, ಬಂದರಗಳ ವಿಷಯದಲ್ಲಿ ಸರಕಾರಕ್ಕೆ ತಮ್ಮ ಅಹವಾಲನ್ನು ಒಗ್ಗಟ್ಟಿನಿಂದ ಒಪ್ಪಿಸುತ್ತ ಬಂದಿದ್ದಾರೆ. ಸರಕಾರದ ಸಂಗಡ ಆಡುವ ಮಾತಿನಲ್ಲಿ ಅವರು ನಿಪುಣರಾದರು. ಹಳ್ಳಿಯ ಸಂಗಡ ಆಡುವ ಮಾತಿಗೆ ಮಾತ್ರ ಅಂಥ ಒಗ್ಗಟ್ಟಿನ ಏರ್ಪಾಡು ಇನ್ನೂ ಆಗಬೇಕಾಗಿದೆ.

ಈಗಿನ ಸ್ಥಿತಿಯನ್ನು ನೋಡಿರಿ. ೨೦೧೪ರಿಂದ ರಾಜ್ಯದ ಪೇಟೆಗಳನ್ನು ಒಂದೇ ವಿದ್ಯುನ್ಮಾನ ಜಾಲದಲ್ಲಿ ಕೂಡಿಸುವ ಕೆಲಸವು ನಡೆದು, ಟೆಂಡರನ್ನು ಗಣಕಯಂತ್ರದಲ್ಲಿ ಹಾಕುವ ಕ್ರಮವು ಬಂದಿದೆ. ೨೦೧೬ರಲ್ಲಿ ದೇಶಕ್ಕೆಲ್ಲ ಅಂಥದೇ ಒಂದು ಜಾಲವು ಆರಂಭವಾಯಿತು. ಹುಬ್ಬಳ್ಳಿಯ ಮಾಲಿಗೆ ದೂರದ ಊರಿನವನೂ ದರ ಕಟ್ಟಬಹುದು. ಯಂತ್ರವು ಬೆರಳ ಮೇಲಿನ ವಸ್ತ್ರವನ್ನು ತೆಗೆಯಿತೆಂದು ಹೇಳಬಹುದು. ಆದರೆ ಯಂತ್ರದ ಬಳಿಯಿಂದ ಅಂಗಡಿಗೆ ಬಂದ ಮೇಲೆ ‘ಬಿಳಿ ಚೀಟಿ’ ಎಂಬುದೊಂದು ಇದೆ. ಅಂಗಡಿಯ ಹೆಸರಿಲ್ಲದ, ಸಂಖ್ಯೆಯಿಲ್ಲದ, ಸಹಿಯೂ ಇಲ್ಲದ ಸಣ್ಣ ಕಾಗದದ ತುಂಡು. ಅದರ ಮೇಲೆ ತೂಕ, ದರ, ಕಡಿತ, ಉಳಿಕೆ. ಕಾನೂನಿನಂತೆ ಕೊಡಬೇಕಾದ ಪಟ್ಟಿಯ ಬದಲು ಈ ಚೀಟಿಯನ್ನು ಕೊಟ್ಟು, ಹಿಡಿಯಬಾರದ ದಲಾಲಿಯನ್ನು ಹಿಡಿಯುತ್ತಾರೆಂಬ ದೂರು ಕರ್ನಾಟಕದ ಹಲವು ಪೇಟೆಗಳಿಂದ ಮೇಲಿಂದ ಮೇಲೆ ಬರುತ್ತಲೇ ಇದೆ. ಎಲ್ಲರೂ ಹೀಗೆ ಮಾಡುವದಿಲ್ಲ. ಆದರೆ ಮಾಡುವವನ ಚೀಟಿಯ ಮೇಲೆ ಹೆಸರಿಲ್ಲದ್ದರಿಂದ ಅದರ ಅಪಕೀರ್ತಿಯು ಇಡೀ ಪೇಟೆಗೆ ಬರುತ್ತದೆ. ಕುಮಟೆಯ ಅಂಡಿಗೆಯ ಕಥೆಯೇ ಇದು.

೨೦೨೦ರಲ್ಲಿ ಪೇಟೆಯ ಪ್ರಾಂಗಣದ ಹೊರಗೆ ಯಾರು ಬೇಕಾದರೂ ಕೊಳ್ಳಬಹುದೆಂದು ಕೇಂದ್ರ ಸರಕಾರವು ಕಾಯಿದೆ ಮಾಡಿದಾಗ ದೇಶದಲ್ಲಿ ದೊಡ್ಡ ಚಳವಳಿಯಾಯಿತು. ೨೦೨೧ರಲ್ಲಿ ಆ ಕಾಯಿದೆಗಳನ್ನು ಹಿಂತೆಗೆದುಕೊಳ್ಳಲಾಯಿತು. ಅದರ ಗುಣದೋಷಗಳ ಚರ್ಚೆಯು ಇಲ್ಲಿ ಬೇಡ. ವ್ಯಾಪಾರಸ್ಥರು ಲಕ್ಷಿಸತಕ್ಕ ಸಂಗತಿಯು ಒಂದೇ: ಪೇಟೆಯ ಗೋಡೆಯು ಬೀಳುವದೆಂದಾಗ, ಈ ಪೇಟೆಯು ತನ್ನದೆಂದು ಒಕ್ಕಲಿಗನು ಹೇಳಿದನೇ? ಎಷ್ಟೋ ಕಡೆ ಅವನು ಹೇಳಿದ್ದು, ‘ಇದರಲ್ಲಿ ದೋಷಗಳುಂಟು, ಆದರೂ ಇದು ಗುರುತಿನ ಸ್ಥಳ’ ಎಂದು. ಗುರುತು ಇನ್ನೂ ಉಳಿದಿದೆ.

ಅದು ಹೋಗಲು ಎಷ್ಟು ಹೊತ್ತು ಬೇಕು? ೨೦೨೪ರ ಮಾರ್ಚಿ ೧೧ರಂದು ನೆರೆಯ ಬ್ಯಾಡಗಿಯಲ್ಲಿ ನಡೆದದ್ದು ಎಲ್ಲರ ನೆನಪಿನಲ್ಲಿದೆ. ಮೆಣಸಿನಕಾಯಿಗೆ ಹೆಸರಾಂತ ಆ ಪೇಟೆಗೆ ಆ ಹಂಗಾಮದಲ್ಲಿ ಲಕ್ಷಗಟ್ಟಲೆ ಚೀಲಗಳು ಬರುತ್ತಿದ್ದವು. ಅಂದು ದರವು ಒಮ್ಮೆಲೇ ಕುಸಿದುದನ್ನು ಕಂಡು ರೊಚ್ಚಿಗೆದ್ದ ಜನರು ಪೇಟೆಯ ಕಚೇರಿಯ ಮೇಲೆ ಏರಿಹೋಗಿ, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದು ತಪ್ಪು. ಅದನ್ನು ಯಾರೂ ಸಮರ್ಥಿಸಲಾರರು. ಆದರೂ ವಿಚಾರ ಮಾಡಬೇಕು. ಬಂದ ಮಾಲು ಹೆಚ್ಚಾದರೆ ದರವು ಇಳಿಯುವದೆಂಬದು ಒಕ್ಕಲಿಗನಿಗೆ ತಿಳಿಯದ ವಿಷಯವಲ್ಲ. ಮಳೆ ಬಿಸಿಲುಗಳಂತೆ ಅದನ್ನೂ ಅವನು ಸಹಿಸುತ್ತ ಬಂದಿದ್ದಾನೆ. ದೂರದ ಊರುಗಳಿಂದ ಬಾಡಿಗೆ ತೆತ್ತು ಮಾಲನ್ನು ತಂದು ಸುರುವಿದ ಮೇಲೆ ಆ ದರವನ್ನು ಮೊದಲ ಸಲ ಕೇಳಬೇಕಾದಾಗ, ಅದರ ಹಿಂದೆ ಯಾರದೋ ಸಂಚು ಇದೆಯೆಂಬ ಸಂಶಯವು ಹುಟ್ಟುತ್ತದೆ. ಸಂಚು ಇಲ್ಲದಿದ್ದರೂ ಸಂಶಯವು ಇದ್ದೇ ಇರುತ್ತದೆ. ಹಿಂದಿನ ಸಂಜೆಯೇ ಎಷ್ಟು ಚೀಲ ಬಂದಿವೆ, ಇನ್ನೆಷ್ಟು ಲಾರಿಗಳು ಹಾದಿಯಲ್ಲಿವೆ, ಶೀತಲಗೃಹಗಳಲ್ಲಿ ಎಷ್ಟು ಹಳೆಯ ಮಾಲು ಇದೆ, ಆದುದರಿಂದ ದರವು ಇಳಿಯುವ ಸಂಭವವಿದೆಯೆಂಬದನ್ನು ದಲಾಲನೇ ತನ್ನ ಒಕ್ಕಲಿಗನಿಗೆ ದೂರವಾಣಿಯಲ್ಲಿ ತಿಳಿಸಿದರೆ ಏನಾದೀತು? ಆ ದಿನ ಅವನ ಅಂಗಡಿಗೆ ಹತ್ತು ಚೀಲ ಕಡಿಮೆ ಬಂದಾವು. ಮುಂದಿನ ವರ್ಷ ಅವನ ಮಾತಿನ ಮೇಲೆ ಊರೇ ಬಂದೀತು. ಕೆಟ್ಟ ಸುದ್ದಿಯನ್ನು ಮುಂಚಿತವಾಗಿ ಹೇಳುವ ಧೈರ್ಯವುಳ್ಳ ದಲಾಲರು ಪ್ರತಿಯೊಂದು ಪೇಟೆಯಲ್ಲಿಯೂ ನಾಲ್ಕಾರು ಜನರಿರುತ್ತಾರೆ. ಅವರ ಅಂಗಡಿಯ ಮುಂದೆ ಬಣ್ಣದ ಹಲಗೆಗಳು ಇರುವದಿಲ್ಲ.

ಬಣ್ಣದ ಹಲಗೆಯೆಂದಾಗ ಒಂದು ಮಾತು ನೆನಪಾಗುತ್ತದೆ. ಕೊಪ್ಪೀಕರ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಆಕಾಶಕ್ಕಿಂತ ಜಾಹೀರಾತುಗಳೇ ಹೆಚ್ಚು ಕಾಣುತ್ತವೆ. ವ್ಯಾಪಾರಕ್ಕೆ ಜಾಹೀರಾತು ಬೇಕು. ಹೊಸ ಅಂಗಡಿಯು ಎಲ್ಲಿದೆಯೆಂಬದನ್ನು ಗಿರಾಕಿಗೆ ಯಾರಾದರೂ ಹೇಳಲೇಬೇಕು. ಆದರೆ ಹಲಗೆಗೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪವನ್ನು ತಕ್ಕಡಿಗೆ ಖರ್ಚು ಮಾಡಿದರೆ ಹೆಚ್ಚು ಲಾಭವಾದೀತು. ತೂಕದ ಅಂಕಿಯು ಮಾರುವವನ ಕಡೆಗೆ ಮೋರೆ ಮಾಡಿ ಕಾಣುವಂತೆ ಇಟ್ಟ ಅಂಗಡಿಯ ಹೆಸರು ಹಳ್ಳಿಯ ಕಟ್ಟೆಯ ಮೇಲೆ ತಾನಾಗಿ ಹಬ್ಬುತ್ತದೆ.

ಬೀಜದ ವ್ಯಾಪಾರದ ವಿಷಯವೂ ಇದಕ್ಕೆ ಹತ್ತಿರವಾದದ್ದು. ಧಾರವಾಡದಲ್ಲಿ ಡಾಕ್ಟರ ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದು ಈ ಪ್ರಾಂತದ ಹತ್ತಿಗೆ ಹೊಸ ಕಳೆಯನ್ನು ತಂದುಕೊಟ್ಟರು. ಸಂಕರ ಬೀಜವನ್ನು ಪ್ರತಿವರ್ಷವೂ ಅಂಗಡಿಯಿಂದಲೇ ಕೊಳ್ಳಬೇಕಾಗುತ್ತದೆ. ಹಿಂದಿನಂತೆ ಮನೆಯ ಹಗೇವಿನಿಂದ ತೆಗೆಯುವಂತಿಲ್ಲ. ಚೀಲದೊಳಗಿನ ಬೀಜವು ಚೀಲದ ಮೇಲೆ ಬರೆದದ್ದೇ ಹೌದೋ ಅಲ್ಲವೋ ಎಂಬದು ಬಿತ್ತಿ ಮೂರು ತಿಂಗಳಾದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ವರ್ಷವೇ ಹೋಗಿ ಬಿಟ್ಟಿರುತ್ತದೆ. ಪೇಟೆಯನ್ನು ಒಕ್ಕಲಿಗನು ನಂಬಬೇಕಾದ ಸ್ಥಳವು ಹೀಗೆ ಒಂದರಿಂದ ಎರಡಾಯಿತು: ಬಿತ್ತುವ ಮೊದಲು ಒಮ್ಮೆ, ಬೆಳೆದ ಮೇಲೆ ಒಮ್ಮೆ.

ಹುಬ್ಬಳ್ಳಿಯ ವರ್ತಕರಿಗೆ ದೊಡ್ಡ ಸಭೆಯಾಗಲಿ, ಹೊಸ ಕಾನೂನಾಗಲಿ ಬೇಕಾಗಿಲ್ಲ. ಪ್ರಾಂಗಣದ ಬಾಗಿಲಲ್ಲಿ ಅಂದಂದಿನ ಹೆಚ್ಚಿನ, ಕಡಿಮೆಯ, ನಡುವಿನ ದರಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸುವದು. ಬಿಳಿ ಚೀಟಿಯನ್ನು ಕೊಡುವವನನ್ನು ವರ್ತಕರ ಸಂಘದವರೇ ಕರೆದು ಕೇಳುವದು. ಪಟ್ಟಿಯನ್ನು ಒಕ್ಕಲಿಗನ ಕೈಗೆ ಕೊಡುವ ಮೊದಲು ಅವನಿಗೆ ಕೇಳುವಂತೆ ಓದಿ ಹೇಳುವದು. ಇಂದು ಹಳ್ಳಿಯಿಂದ ಬರುವವನ ಸಂಗಡ ಅನೇಕ ವೇಳೆ ಶಾಲೆ ಕಲಿತ ಮಗನೋ ಮಗಳೋ ಇರುತ್ತಾರೆ. ಅವರು ಮೊಬೈಲಿನಲ್ಲಿ ಗದಗದ ದರವನ್ನೂ ರಾಯಚೂರಿನ ದರವನ್ನೂ ನೋಡಿಯೇ ಬಂದಿರುತ್ತಾರೆ. ಅವರ ಎದುರಿಗೆ ಪಟ್ಟಿಯನ್ನು ಓದಲು ಅಂಜದ ಅಂಗಡಿಗಳು ಎಷ್ಟೆಂಬದನ್ನು ಪೇಟೆಯವರೇ ಎಣಿಸಿ ನೋಡಲಿ. ಈ ಸಲದ ಹೊಸ ಹತ್ತಿಯು ದೀಪಾವಳಿಯ ಹೊತ್ತಿಗೆ ಅಮರಗೋಳದ ಅಂಗಳಕ್ಕೆ ಇಳಿಯತೊಡಗುವದು.